ಭ್ರೂಣದಲ್ಲಿ ಜೀನ್‌ಗಳು ಸಾಲಾಗಿ ಆನ್ ಆಗೋದಕ್ಕೆ ಒತ್ತಡ, ಎಳೆತನೂ ಕಾರಣವಾ?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಝೂವಾಲಜಿ ಮೊದಲ ವರ್ಷ. ಮುಂದಿನ ವಾರ ಕ್ಲಾಸಲ್ಲಿ ಹಾಕ್ಸ್ ಜೀನ್ (ಭ್ರೂಣದ ಯಾವ ಭಾಗ ಏನಾಗ್ಬೇಕು ಅಂತ ಹೇಳೋ ಜೀನ್‌ಗಳು) ಮೇಲೆ ಸೆಮಿನಾರ್ ಕೊಡ್ಬೇಕು, ಓದ್ತಾ ಓದ್ತಾ ಒಂದು ಕಡೆ ಸಿಕ್ಕಿ ಬಿದ್ದಿದೇನೆ, ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳಿ.

ಪುಸ್ತಕದಲ್ಲಿ ಇರೋದು ಇಷ್ಟು. ಹಾಕ್ಸ್ ಜೀನ್‌ಗಳು ಕ್ರೋಮೋಸೋಮ್ ಮೇಲೆ ಯಾವ ಸಾಲಲ್ಲಿ ಕೂತಿದಾವೋ ಅದೇ ಸಾಲಲ್ಲಿ ತಲೆ ಕಡೆಯಿಂದ ಬಾಲದ ಕಡೆಗೆ ದೇಹದಲ್ಲಿ ಕೆಲಸ ಮಾಡ್ತವೆ, ನಮ್ಮಂಥ ಬೆನ್ನೆಲುಬಿನ ಪ್ರಾಣಿಗಳಲ್ಲಿ ಆನ್ ಆಗೋ ಟೈಮೂ ಅದೇ ಸಾಲು. ಕೋಲಿನಿಯಾರಿಟಿ ಅಂತಾರೆ. ಇದು ಅರ್ಥ ಆಯ್ತು. ಯಾಕೆ ಹಾಗೆ ಅಂತ ಹುಡುಕೋಕೆ ಹೋದ್ರೆ ಒಬ್ರು ಕ್ರೋಮಾಟಿನ್ (ಡಿಎನ್ಎ ಪ್ರೋಟೀನ್ ಜೊತೆ ಸುತ್ತಿ ಮಡಚಿರೋ ರೂಪ) ಅಂತಾರೆ, ಇನ್ನೊಬ್ರು ಭೌತಿಕ ಬಲ ಜೀನ್‌ಗಳನ್ನ ಒಂದೊಂದಾಗಿ ಎಳೆದು ಹೊರಗೆ ತರ್ತದೆ ಅಂತಾರೆ, ಮತ್ತೊಂದು ಕಡೆ ಭ್ರೂಣವನ್ನ ಒತ್ತಿದ್ರೇ ಜೀನ್ ಆನ್ ಆಗ್ತದೆ ಅಂತ ಬರೆದಿದಾರೆ. ಇವೆಲ್ಲ ಒಂದೇ ಮಾತಾ, ಬೇರೆ ಬೇರೆನಾ ಅಂತಾನೇ ತಿಳೀತಾ ಇಲ್ಲ.

ಇನ್ನೊಂದು. ಅಂಕೋಲೆ ಕಡೆ ನಮ್ಮ ಅಜ್ಜಿ ಮನೇಲಿ ಕಾವಿಗೆ ಕೂತ ಕೋಳಿ ದಿನಾ ಎಷ್ಟೋ ಸಲ ಮೊಟ್ಟೆ ಹೊರಳಿಸ್ತದೆ. ದೇವಬಾಗದಲ್ಲಿ ಕಡಲಾಮೆ ಮೊಟ್ಟೆ ನೋಡೋಕೆ ಹೋದಾಗ ಅಲ್ಲಿಯವ್ರು ಮೊಟ್ಟೆ ಹೊರಳಿಸಿದ್ರೆ ಮರಿ ಸಾಯ್ತದೆ ಅಂದ್ರು. ಮೊಟ್ಟೆ ಯಾವ ಮಗ್ಗುಲಾಗಿ ಇದೆ ಅನ್ನೋದಕ್ಕೂ ಒಳಗೆ ಜೀನ್ ಕೆಲಸ ಮಾಡೋದಕ್ಕೂ ಸಂಬಂಧ ಇದ್ಯಾ?

ಕುಮಟಾ_ಅಕ್ಕೋರು

ತಂಗಿ, ನೀನು ಮೂರು ಬೇರೆ ಬೇರೆ ವಿಷಯ ಒಂದೇ ಪ್ರಶ್ನೇಲಿ ಕೇಳಿದೀಯಾ, ಅದಕ್ಕೇ ಗೋಜಲಾಗಿರೋದು. ನಾನು ಸಾಲಿನ ವಿಷಯ ಅಷ್ಟೇ ಹೇಳ್ತೇನೆ, ಉಳಿದದ್ದು ರಿಸರ್ಚ್ ಮಾಡೋರು ಹೇಳ್ಲಿ.

ಇದನ್ನ ಮೊದ್ಲು ಕಂಡದ್ದು ಹಣ್ಣಿನ ನೊಣದಲ್ಲಿ, ಅಮೆರಿಕದ ಎಡ್ವರ್ಡ್ ಲೂಯಿಸ್. ನೊಣಕ್ಕೆ ಎರಡೇ ರೆಕ್ಕೆ, ಹಿಂದಿನ ಜೋಡಿ ಜಾಗದಲ್ಲಿ ತೂಕ ಸರಿ ಹಿಡಿಯೋಕೆ ಸಣ್ಣ ಗುಂಡಿ ಥರದ್ದು ಇರ್ತದೆ. ಆ ಭಾಗದ ಜೀನ್ ಕೆಡಿಸಿದ್ರೆ ಅಲ್ಲೂ ಪೂರ್ತಿ ರೆಕ್ಕೆ ಬಂದು ನೊಣಕ್ಕೆ ನಾಲ್ಕು ರೆಕ್ಕೆ ಆಗ್ತದೆ, ಚಿತ್ರ ನೀನು ನೋಡಿರ್ತೀಯ. ಅವ್ರ 1978ರ ಪೇಪರ್‌ನಲ್ಲಿ ಜೀನ್‌ಗಳ ಸಾಲೂ ದೇಹದ ಭಾಗಗಳ ಸಾಲೂ ಒಂದೇ ಅನ್ನೋದು ಇತ್ತು, 1995ರಲ್ಲಿ ನೊಬೆಲ್ ಬಂತು. ಇಲಿಗೂ ನಮಗೂ ಇಂಥ ಜೀನ್ 39, ಎ, ಬಿ, ಸಿ, ಡಿ ಅಂತ ನಾಲ್ಕು ಗುಂಪಾಗಿ ನಾಲ್ಕು ಕ್ರೋಮೋಸೋಮ್ ಮೇಲೆ ಇದಾವೆ, ನಮ್ಮಲ್ಲಿ 7, 17, 12, 2ನೇ ಕ್ರೋಮೋಸೋಮ್. ಪ್ರತಿ ಗುಂಪಲ್ಲೂ 1ರಿಂದ 13ರವರೆಗೆ ನಂಬರು, ಮಧ್ಯೆ ಕೆಲವು ಇರೋದಿಲ್ಲ. ಸಣ್ಣ ನಂಬರಿನವು ಮೊದ್ಲು ಆನ್ ಆಗ್ತವೆ, ತಲೆ ಕಡೆಗೆ ಹತ್ತಿರ ಕೆಲಸ ಮಾಡ್ತವೆ, 13 ಕೊನೆಗೆ, ಬಾಲದ ಕಡೆಗೆ. ಇಲಿಯಲ್ಲಿ 10ನೇ ನಂಬರಿನವನ್ನೆಲ್ಲ ತೆಗೆದು ನೋಡಿದ್ರು, 2003ರಲ್ಲಿ. ಸೊಂಟದ ಮೂಳೆಗಳಿಗೂ ಪಕ್ಕೆಲುಬು ಬಂತು! ಅಂದ್ರೆ "ಇಲ್ಲಿ ಪಕ್ಕೆಲುಬು ಬೇಡ" ಅಂತ ಹೇಳೋ ಜೀನ್ ಅದು. ಸೆಮಿನಾರಲ್ಲಿ ಇದನ್ನ ಮರೀಬೇಡ, ಮಕ್ಕಳಿಗೆ ತಲೇಲಿ ಉಳಿಯೋದು ಇಂಥದ್ದೇ.

ಈಗ ಭೌತಿಕ ಅನ್ನೋದು ಎಲ್ಲಿ ಬರ್ತದೆ ಅಂದ್ರೆ, ನ್ಯೂಕ್ಲಿಯಸ್ ಒಳಗೆ ಪ್ರತಿ ಕ್ರೋಮೋಸೋಮ್‌ಗೂ ಅದರದ್ದೇ ಜಾಗ ಇರ್ತದೆ, ಟೆರಿಟರಿ ಅಂತಾರೆ. 2004ರಲ್ಲಿ ಎಡಿನ್‌ಬರೋದ ಶಾಂಬೆರಾನ್ ಮತ್ತು ಬಿಕ್ಮೋರ್ ಇಲಿಯ ಸ್ಟೆಮ್ ಸೆಲ್‌ಗೆ ರೆಟಿನೋಯಿಕ್ ಆಸಿಡ್ (ಹಾಕ್ಸ್ ಜೀನ್ ಆನ್ ಮಾಡಿಸೋ ರಾಸಾಯನಿಕ) ಹಾಕಿ ಹಾಕ್ಸ್ ಬಿ ಗುಂಪು ಎಲ್ಲಿದೆ ಅಂತ ಬಣ್ಣ ಹಚ್ಚಿ ನೋಡಿದ್ರು. ಬಿಗಿಯಾಗಿ ಮಡಚಿದ್ದ ಡಿಎನ್ಎ ಸಡಿಲ ಆಗಿ, ಮೊದ್ಲು 1ನೇ ಜೀನ್ ಟೆರಿಟರಿಯಿಂದ ಹೊರಗೆ ಚಾಚಿಕೊಳ್ತು, 9ನೇದು ಆಮೇಲೆ ಬಂತು. ಜಾಗ ಬದಲಾಯ್ತು ಅನ್ನೋದು ಕಣ್ಣಿಗೆ ಕಂಡ ವಿಷಯ. ಯಾವುದು ಅದನ್ನ ಹೊರಗೆ ತಂತು ಅನ್ನೋದ್ರಲ್ಲಿ ಮಾತ್ರ ಜಗಳ ಇರೋದು.

ದೇವಬಾಗ_ಹೊಯಿಗೆ

ಮೊಟ್ಟೆ ವಿಷಯಕ್ಕೆ ನಾನು ಹೇಳ್ತೆ. ಸೀಸನ್ ಬಂದಾಗ ಅರಣ್ಯ ಇಲಾಖೆಯವ್ರ ಜೊತೆ ನಾವು ಊರ ಹುಡುಗ್ರು ಗೂಡು ಕಾಯೋಕೆ ಹೋಗ್ತೇವೆ. ಇಲ್ಲಿ ಬರೋದು ಆಲಿವ್ ರಿಡ್ಲೆ ಆಮೆ, ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಆಗೋಕೆ ಒಂದೂವರೆ ಎರಡು ತಿಂಗಳು. ನೀರು ಬರೋ ಜಾಗದಲ್ಲಿ ಇಟ್ರೆ ತೆಗೆದು ಬೇಲಿ ಒಳಗೆ ಹೂಳ್ಬೇಕು, ಅದೂ ಇಟ್ಟ ಕೆಲವೇ ಗಂಟೆ ಒಳಗೆ. ಕೈಯಲ್ಲೇ ಹೊಯಿಗೆ ಬಿಡಿಸಿ, ಒಂದೊಂದೇ ಮೊಟ್ಟೆ ಮೇಲಿನ ಮಗ್ಗುಲು ಮೇಲೇ ಇರೋ ಹಾಗೆ ಎತ್ತಿ, ಅದೇ ಗೂಡಿನ ಒದ್ದೆ ಹೊಯಿಗೆ ಹಾಕಿದ ಬಕೆಟ್‌ನಲ್ಲಿ ಇಡೋದು, ಹೊಸ ಗುಂಡಿಗೂ ಹಾಗೇ ಇಳಿಸೋದು. ಕುಲುಕೋ ಹಾಗಿಲ್ಲ.

ಕೋಳಿ ಮೊಟ್ಟೇಲಿ ಹಳದಿಯನ್ನ ಎರಡೂ ಕಡೆ ಹಿಡ್ಕೊಂಡಿರೋ ಬಿಳಿ ದಾರ ಇರ್ತದಲ್ಲ, ಮೊಟ್ಟೆ ಒಡೆದಾಗ ಕಾಣ್ತದೆ, ಆಮೆ ಮೊಟ್ಟೇಲಿ ಅದು ಇಲ್ಲ. ಇಟ್ಟ ಸ್ವಲ್ಪ ಹೊತ್ತಿಗೇ ಭ್ರೂಣ ಮೇಲೆ ಬಂದು ಚಿಪ್ಪಿನ ಒಳಪೊರೆಗೆ ಅಂಟ್ಕೊಳ್ತದೆ. ಆಮೇಲೆ ಹೊರಳಿಸಿದ್ರೆ ಪೊರೆ ಹರೀತದೆ, ಭ್ರೂಣ ಹಳದಿ ಕೆಳಗೆ ಸಿಕ್ಕಿ ಹೋಗ್ತದೆ. ಅಂದ್ರೆ ಇದು ಜೀನ್ ಕಥೆ ಅಲ್ಲ, ನೇರ ಪೆಟ್ಟು.

ಜೀನ್ ಕಥೆ ಇರೋದು ಬಿಸಿಯಲ್ಲಿ. ಹೊಯಿಗೆ ಬಿಸಿ ಜಾಸ್ತಿ ಆದ್ರೆ ಹೆಣ್ಣು ಜಾಸ್ತಿ, ತಂಪಿದ್ರೆ ಗಂಡು. ಅದು ಹೇಗೆ ಅಂತ ಗೊತ್ತಿದ್ದವ್ರು ಹೇಳಿ, ನಮ್ಮಲ್ಲಿ ಗೂಡಿಗೆ ನೆರಳು ಮಾಡೋದು ಇದಕ್ಕೇ.

ಶಿರಸಿ_ಮೊಳಕೆ

ಶಿರಸಿಯವನು, ಈಗ ಬೆಂಗಳೂರಲ್ಲಿ ಡೆವಲಪ್‌ಮೆಂಟಲ್ ಬಯಾಲಜಿ ಪಿಎಚ್‌ಡಿ ಮಾಡ್ತಾ ಇದೇನೆ. ನನ್ನ ದಿನನಿತ್ಯದ ವಿಷಯ ಇದು, ಸ್ವಲ್ಪ ಉದ್ದ ಆಗ್ತದೆ.

ದೇವಬಾಗದ ಅಣ್ಣ ಹೇಳಿದ್ದು ಪೂರ್ತಿ ಸರಿ. ಬಿಸಿ ವಿಷಯ: 2018ರಲ್ಲಿ ಕೆಂಪು ಕಿವಿಯ ಸಿಹಿನೀರಿನ ಆಮೆಯಲ್ಲಿ ತೋರಿಸಿದ್ರು, 26 ಡಿಗ್ರಿಯಲ್ಲಿ ಕೆಡಿಎಂ6ಬಿ ಅನ್ನೋ ಪ್ರೋಟೀನ್ ಜಾಸ್ತಿ ಇರ್ತದೆ, ಅದು ಗಂಡು ಮಾಡೋ ಡಿಎಂಆರ್‌ಟಿ1 ಜೀನ್ ಮೇಲಿನ ತಡೆಗುರುತು ಅಳಿಸ್ತದೆ. 32 ಡಿಗ್ರಿಯಲ್ಲಿ ಅದು ಕಡಿಮೆ, ತಡೆ ಹಾಗೇ ಉಳೀತದೆ, ಹೆಣ್ಣಾಗ್ತದೆ. ಹಾಕ್ಸ್ ಗುಂಪಿನ ಮೇಲೂ ಆನ್ ಆಗೋಕೆ ಮುಂಚೆ ಇರೋದು ಅದೇ ಜಾತಿ ಹಿಸ್ಟೋನ್ ಗುರುತು, ಅಂದ್ರೆ ಡಿಎನ್ಎ ಸುತ್ತಿಕೊಳ್ಳೋ ಪ್ರೋಟೀನ್ ಮೇಲಿನ ತಡೆಗುರುತು. ಆಲಿವ್ ರಿಡ್ಲೆಗೆ ಡಿಗ್ರಿ ಬೇರೆ, ಅಲ್ಲಿ 29-30ರ ಆಸುಪಾಸಲ್ಲಿ ಗಂಡು ಹೆಣ್ಣು ಸಮ.

ಇನ್ನು ಕೋಳಿ. ಕಾವಿಗೆ ಕೂತಾಗ ಹೊರಳಿಸೋದು ಭ್ರೂಣ ಪೊರೆಗೆ ಅಂಟದೇ ಇರ್ಲಿ ಅಂತ. ಆದ್ರೆ ಭೂಮಿಯ ಸೆಳೆತ ಭ್ರೂಣದ ದಿಕ್ಕು ನಿರ್ಧಾರ ಮಾಡೋದು ಅದಕ್ಕೂ ಮುಂಚೆ, ಮೊಟ್ಟೆ ಕೋಳಿ ಹೊಟ್ಟೆ ಒಳಗೆ ಇದ್ದಾಗ್ಲೇ. ಚಿಪ್ಪು ಕಟ್ಟೋ ಸುಮಾರು 20 ಗಂಟೆ ಹೊತ್ತು ಮೊಟ್ಟೆ ಮೆಲ್ಲಗೆ ತಿರುಗ್ತಾ ಇರ್ತದೆ, ಆಗ ಹಳದಿ ಮೇಲಿನ ಭ್ರೂಣದ ತಟ್ಟೆ ಸಪಾಟಾಗಿ ಇರೋದಿಲ್ಲ, ಓರೆಯಾಗಿ ನಿಲ್ತದೆ. ಮೇಲೆ ಇದ್ದ ಅಂಚು ಬಾಲದ ಕಡೆ ಆಗ್ತದೆ. ಆ ಅಂಚಲ್ಲೇ ಆಮೇಲೆ ವಿಜಿ1 ಅನ್ನೋ ಜೀನ್ ಆನ್ ಆಗಿ ಭ್ರೂಣದ ಗೆರೆ ಅಲ್ಲಿಂದ ಶುರುವಾಗ್ತದೆ. ನೀನು ಕೇಳಿದ "ಮೊಟ್ಟೆ ಯಾವ ಮಗ್ಗುಲು" ಅನ್ನೋದಕ್ಕೆ ಇದಕ್ಕಿಂತ ನೇರ ಉತ್ತರ ಬೇರೆ ಸಿಕ್ಕೋದಿಲ್ಲ. ಕಪ್ಪೇಲೂ ಇಂಥದ್ದೇ ಇದೆ, ಅಲ್ಟ್ರಾವೈಲೆಟ್ ಬೆಳಕು ಕೊಟ್ಟು ಬೆನ್ನು ತಲೆ ಬೆಳೆಯದ ಹಾಗೆ ಮಾಡಿದ ಮೊಟ್ಟೆಯನ್ನ ಸುಮ್ನೆ ಓರೆ ಮಾಡಿ ಹಿಡಿದ್ರೆ ಒಳಗಿನ ಭಾರದ ಹಳದಿ ಜಾರಿ ಮತ್ತೆ ಸರಿಯಾದ ಭ್ರೂಣ ಬೆಳೀತದೆ.

ಒತ್ತಿದ್ರೆ ಜೀನ್ ಆನ್ ಆಗೋದು ಖಂಡಿತ ನಿಜ. ಫ್ರಾನ್ಸ್‌ನ ಇಮ್ಯಾನುಯೆಲ್ ಫಾರ್ಜ್ 2003ರಲ್ಲಿ ಹಣ್ಣಿನ ನೊಣದ ಭ್ರೂಣವನ್ನ ಎರಡು ಗಾಜಿನ ಮಧ್ಯೆ ಇಟ್ಟು ಶೇಕಡಾ 10ರಷ್ಟು ಅಮುಕಿದ್ರು. ಟ್ವಿಸ್ಟ್ ಅನ್ನೋ ಜೀನ್ ಹೊಟ್ಟೆ ಕಡೆ ಒಂದು ಪಟ್ಟಿಯಲ್ಲಿ ಮಾತ್ರ ಇರ್ಬೇಕಾದ್ದು, ಒತ್ತಿದ ಭ್ರೂಣದಲ್ಲಿ ಸುತ್ತಲೂ ಆನ್ ಆಯ್ತು. ಸೆಲ್-ಸೆಲ್ ಅಂಟಿಕೊಂಡಿರೋ ಜಾಗದಲ್ಲಿ ಬೀಟಾ ಕ್ಯಾಟಿನಿನ್ ಅಂತ ಪ್ರೋಟೀನ್ ಇದೆ, ಎಳೆತ ಬಿದ್ದಾಗ ಅದು ಅಲ್ಲಿಂದ ಬಿಟ್ಟು ನ್ಯೂಕ್ಲಿಯಸ್ ಒಳಗೆ ಹೋಗಿ ಜೀನ್ ಆನ್ ಮಾಡ್ತದೆ. ಮಾಮೂಲಿ ಭ್ರೂಣದಲ್ಲಿ ಯಾರು ಒತ್ತೋದು ಅಂದ್ರೆ ಭ್ರೂಣ ತಾನೇ, ಒಂದು ಕಡೆ ಅಂಗಾಂಶ ಚಾಚಿಕೊಂಡಾಗ ಪಕ್ಕದ್ದು ಅಮುಕಿ ಹೋಗ್ತದೆ.

ಕೋಳಿ ಮರಿಯ ಪುಕ್ಕದ್ದು ನನಗೆ ಬಹಳ ಇಷ್ಟ. 2017ರಲ್ಲಿ ಬಂದದ್ದು, ಮರಿಯ ಚರ್ಮದ ತುಂಡು ತೆಗೆದು ಬೇರೆ ಬೇರೆ ಬಿಗಿ ಇರೋ ಜೆಲ್ ಮೇಲೆ ಬೆಳೆಸಿ ನೋಡಿದ ಕೆಲಸ. ಚರ್ಮದ ಕೆಳಪದರದ ಸೆಲ್‌ಗಳು ಒಂದನ್ನೊಂದು ಎಳ್ಕೊಂಡು ಸಣ್ಣ ಸಣ್ಣ ಗುಂಪಾಗ್ತವೆ, ಆ ಎಳೆತಕ್ಕೆ ಮೇಲಿನ ಪದರ ಅಮುಕಿ ಉಬ್ತದೆ, ಆ ಉಬ್ಬಿದ ಜಾಗದಲ್ಲೇ ಬೀಟಾ ಕ್ಯಾಟಿನಿನ್ ನ್ಯೂಕ್ಲಿಯಸ್‌ಗೆ ಹೋಗಿ ಪುಕ್ಕದ ಜೀನ್‌ಗಳು ಶುರು. ಗುಂಪಾಗೋದು ಮೊದ್ಲು, ಜೀನ್ ಆಮೇಲೆ.

ಗೋಕರ್ಣ_ರಥಬೀದಿ

ನಡುವೆ ಬಂದೆ, ಕ್ಷಮಿಸಿ. ನಮ್ದು ಶಂಖ, ರುದ್ರಾಕ್ಷಿ ಅಂಗಡಿ. ಬಲಮುರಿ ಶಂಖ ಅಂತ ಜನ ಕೇಳ್ಕೊಂಡು ಬರ್ತಾರೆ, ನಿಜವಾದ್ದು ಸಿಗೋದು ಬಹಳ ಅಪರೂಪ. ಇದೂ ಹೀಗೇ ಒತ್ತಡದಿಂದ ಉಲ್ಟಾ ತಿರುಗಿದ್ದಾ, ಇಲ್ಲ ಜೀನಾ?

ಶಿರಸಿ_ಮೊಳಕೆ

ಅಣ್ಣ, ಇದಕ್ಕೆ ಎಷ್ಟು ಚಂದದ ಪ್ರಯೋಗ ಇದೆ ಗೊತ್ತಾ. ಶಂಖದಲ್ಲಿ ಅಲ್ಲ, ಲಿಮ್ನಿಯಾ ಅಂತ ಕೆರೆಯ ಬಸವನಹುಳದಲ್ಲಿ. ಜಪಾನಿನ ರೇಕೊ ಕುರೋಡಾ ಅವ್ರ ತಂಡ, 2009. ಭ್ರೂಣ ನಾಲ್ಕು ಸೆಲ್‌ನಿಂದ ಎಂಟಾಗೋ ಹೊತ್ತಿಗೆ ಮೇಲಿನ ನಾಲ್ಕು ಸೆಲ್ ಸ್ವಲ್ಪ ಒಂದು ಪಕ್ಕಕ್ಕೆ ಓರೆಯಾಗಿ ಕೂರ್ತವೆ. ಇವ್ರು ಸಪೂರ ಗಾಜಿನ ಕಡ್ಡೀಲಿ ಅವನ್ನ ಮೆಲ್ಲಗೆ ಇನ್ನೊಂದು ಪಕ್ಕಕ್ಕೆ ತಳ್ಳಿ ಹಿಡ್ಕೊಂಡ್ರು, ಸೆಲ್ ಪೂರ್ತಿ ಒಡೆದು ಮುಗಿಯೋವರೆಗೆ. ಅಷ್ಟೇ ಮಾಡಿದ್ದು. ಹುಟ್ಟಿದ ಹುಳದ ಚಿಪ್ಪು ಉಲ್ಟಾ ಸುತ್ತು, ಒಳಗಿನ ಅಂಗಗಳೂ ಉಲ್ಟಾ, ಆರೋಗ್ಯವಾಗೇ ಬೆಳೆದ್ವು. ನೋಡಲ್ ಅನ್ನೋ ಜೀನ್ ಯಾವ ಪಕ್ಕದಲ್ಲಿ ಆನ್ ಆಗ್ಬೇಕಿತ್ತೋ ಅದರ ವಿರುದ್ಧ ಪಕ್ಕದಲ್ಲಿ ಆನ್ ಆಗಿತ್ತು. ಆದ್ರೆ ಅವುಗಳ ಸಂತಾನ ಮತ್ತೆ ಮೊದಲಿನ ಹಾಗೇ ಸುತ್ತಿದ್ವು, ಯಾಕಂದ್ರೆ ಜೀನ್ ಬದಲಾಗಿರ್ಲಿಲ್ಲ.

ಆ ಓರೆ ಎಲ್ಲಿಂದ ಬರ್ತದೆ ಅಂದ್ರೆ ತಾಯಿ ಹುಳದ ಒಂದು ಜೀನ್‌ನಿಂದ, ಸೆಲ್ ಒಳಗಿನ ಆ್ಯಕ್ಟಿನ್ ಎಳೆ ಕಟ್ಟೋ ಪ್ರೋಟೀನ್ ಅದು. 2019ರಲ್ಲಿ ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಸೋ ತಂತ್ರದಿಂದ ಅದನ್ನ ಕೆಡಿಸಿದಾಗ ಸುತ್ತು ಉಲ್ಟಾ ಆಯ್ತು. ಹಾಗಾಗಿ ನಿಮ್ಮ "ಒತ್ತಡವಾ ಜೀನಾ" ಅನ್ನೋದಕ್ಕೆ ನನ್ನ ಉತ್ತರ: ಜೀನ್ ಎಳೆ ಕಟ್ತದೆ, ಎಳೆ ಸೆಲ್ ತಿರುಗಿಸ್ತದೆ, ತಿರುಗಿದ ಸೆಲ್ ಮುಂದಿನ ಜೀನ್ ಎಲ್ಲಿ ಆನ್ ಆಗ್ಬೇಕು ಅಂತ ನಿರ್ಧಾರ ಮಾಡ್ತದೆ. ಒಂದನ್ನ ಬಿಟ್ಟು ಇನ್ನೊಂದು ಹೇಳೋಕೆ ಬರೋದಿಲ್ಲ. ನಮ್ಮ ಹೃದಯ ಎಡಕ್ಕೆ ಇರೋದ್ರಲ್ಲೂ ನೋಡಲ್ ಇದೆ, ಇಲಿ ಭ್ರೂಣದಲ್ಲಿ ಸಣ್ಣ ರೋಮಗಳು ತಿರುಗಿ ದ್ರವವನ್ನ ಎಡಕ್ಕೆ ಹರಿಸ್ತವೆ, 2002ರಲ್ಲಿ ಹೊರಗಿನಿಂದ ಪಂಪ್ ಮಾಡಿ ಹರಿವು ಬಲಕ್ಕೆ ತಿರುಗಿಸಿದಾಗ ಎಡ ಬಲನೂ ತಿರುಗಿ ಹೋಯ್ತು.

ಕಾಳಿದಂಡೆ, ಕಾರವಾರ

ಎಲ್ಲರಿಗೂ ಬಹಳ ಥ್ಯಾಂಕ್ಸ್, ಇಷ್ಟು ಸಿಗ್ತದೆ ಅಂದ್ಕೊಂಡಿರ್ಲಿಲ್ಲ. ಮೊಳಕೆ ಸರ್, ಇವೆಲ್ಲ ಸೆಲ್ ಹೊರಗಿನ ಒತ್ತಡ ಆಯ್ತು. ನಾನು ಓದಿದ್ದು ನ್ಯೂಕ್ಲಿಯಸ್ ಒಳಗೆ ಹಾಕ್ಸ್ ಗುಂಪನ್ನೇ ಬಲ ಎಳೀತದೆ ಅಂತ, ಗ್ರೀಸ್‌ನ ಸ್ಪೈರೋಸ್ ಪಾಪಜಾರ್ಜಿಯು ಅನ್ನೋರ ಮಾಡೆಲ್. ಡಿಎನ್ಎಗೆ ನೆಗೆಟಿವ್ ಚಾರ್ಜ್, ಅದರ ಎದುರಿಗೆ ಪಾಸಿಟಿವ್ ಚಾರ್ಜ್ ಇರೋ ಅಣುಗಳು ಸೇರ್ತಾ ಹೋದ ಹಾಗೆ ಸೆಳೆತ ಜಾಸ್ತಿ ಆಗಿ, ಗುಂಪು ಹಿಗ್ಗಿ, 1ನೇ ಜೀನಿಂದ ಶುರುವಾಗಿ ಒಂದೊಂದೇ ಟೆರಿಟರಿಯಿಂದ ಹೊರಗೆ ಟ್ರಾನ್ಸ್‌ಕ್ರಿಪ್ಷನ್ (ಜೀನ್ ಓದಿ ಆರ್‌ಎನ್ಎ ಮಾಡೋದು) ನಡೆಯೋ ಜಾಗಕ್ಕೆ ಬರ್ತದೆ ಅಂತ. ಇದನ್ನ ಸೆಮಿನಾರಲ್ಲಿ ಹೇಳ್ಬಹುದಾ?

ದೇವಬಾಗ_ಹೊಯಿಗೆ

ತಂಗಿ ಹೇಳಿದ್ದು ಕೇಳಿದ್ರೆ ರಂಪಣಿ ಎಳೆದ ಹಾಗೇ ಅದೆ. ಹಗ್ಗ ದಡದಿಂದ ಎಳೀತಾರೆ, ದಡದ ಹತ್ರ ಇರೋ ಬಲೆ ಮೊದ್ಲು ಬರ್ತದೆ, ನಡುವಿನದ್ದು ಕಡೇಗೆ. ಸಾಲು ತಪ್ಪೋಕೆ ಸಾಧ್ಯನೇ ಇಲ್ಲ.

ಶಿರಸಿ_ಮೊಳಕೆ

ಅಣ್ಣ, ಸರಿಯಾಗಿ ಹಿಡಿದ್ರಿ. ಆ ಮಾಡೆಲ್‌ನ ಶಕ್ತಿ ಇರೋದೇ ಅದ್ರಲ್ಲಿ, ಸಾಲು ಯಾಕೆ ತಪ್ಪೋದಿಲ್ಲ ಅನ್ನೋದಕ್ಕೆ ಪುಕ್ಕಟೆ ಉತ್ತರ ಸಿಗ್ತದೆ.

ತಂಗಿ, ಹೇಳ್ಬಹುದು, ಊಹೆ ಅಂತ ಹೇಳಿ ಹೇಳು. ಜಿನೀವಾ, ಲೊಸಾನ್‌ನಲ್ಲಿ ಡೆನಿ ಡುಬೂಲ್ ಅವ್ರ ಲ್ಯಾಬ್ ಹಾಕ್ಸ್ ಡಿ ಗುಂಪಿನ ಜೀನ್‌ಗಳನ್ನ ಕತ್ತರಿಸಿ, ಡಬಲ್ ಮಾಡಿ ದಶಕಗಟ್ಲೆ ಇಲಿಗಳನ್ನ ಮಾಡಿದೆ, ಪಾಪಜಾರ್ಜಿಯು ಆ ಫಲಿತಾಂಶಗಳನ್ನ ತಮ್ಮ ಬಲದ ಲೆಕ್ಕದಿಂದ ವಿವರಿಸ್ತಾರೆ. ಆದ್ರೆ ಅದೇ ಡೇಟಾಕ್ಕೆ ಬೇರೆ ವಿವರಣೆನೂ ಕೂರ್ತದೆ, ನನಗೆ ಅದೇ ಹೆಚ್ಚು ಗಟ್ಟಿ ಅನ್ನಿಸ್ತದೆ. 2011ರಲ್ಲಿ ಅದೇ ಲ್ಯಾಬಿನವ್ರು ತೋರಿಸಿದ್ದು, ಗುಂಪಿನೊಳಗೆ ಆನ್ ಆಗಿರೋ ಜೀನ್‌ಗಳು ಒಂದು ಕಡೆ, ಆಫ್ ಇರೋವು ಇನ್ನೊಂದು ಕಡೆ ಒಟ್ಟಾಗಿ ಇರ್ತವೆ, ಟೈಮ್ ಆದ ಹಾಗೆ ಒಂದೊಂದೇ ಜೀನ್ ಆಫ್ ಕಡೆಯಿಂದ ಆನ್ ಕಡೆಗೆ ದಾಟ್ತದೆ.

ದಾಟಿಸೋದು ಯಾರು? ಇಲ್ಲಿ ಕೊಹೆಸಿನ್ ಬರ್ತದೆ. ಉಂಗುರದ ಆಕಾರದ ಪ್ರೋಟೀನ್, ಎಟಿಪಿ (ಸೆಲ್‌ನ ಇಂಧನ) ಖರ್ಚು ಮಾಡಿ ಡಿಎನ್ಎಯನ್ನ ತನ್ನೊಳಗಿಂದ ಎಳೆದು ಕುಣಿಕೆ ಮಾಡ್ತದೆ. 2019ರಲ್ಲಿ ಒಂದೊಂದೇ ಅಣು ನೋಡಿ ಅಳೆದಿದಾರೆ, ಸೆಕೆಂಡಿಗೆ ಸುಮಾರು 1,000 ಬೇಸ್ ಎಳೀತದೆ, ಆದ್ರೆ ಬಲ ಬಹಳ ಕಮ್ಮಿ, 1 ಪಿಕೋನ್ಯೂಟನ್‌ಗಿಂತ ಕಡಿಮೆ ಪ್ರತಿ ಎಳೆತಕ್ಕೇ ನಿಂತು ಬಿಡ್ತದೆ. ಹಾಕ್ಸ್ ಗುಂಪಿನ ಜೀನ್‌ಗಳ ಮಧ್ಯೆ ಸಿಟಿಸಿಎಫ್ ಅನ್ನೋ ಪ್ರೋಟೀನ್ ಕೂರೋ ಜಾಗಗಳು ಸಾಲಾಗಿ ಇದಾವೆ, ಅವು ಕೊಹೆಸಿನ್‌ನ ತಡೆದು ನಿಲ್ಲಿಸ್ತವೆ. 2023ರಲ್ಲಿ ಡುಬೂಲ್ ಲ್ಯಾಬಿನವ್ರೇ ಇಲಿ ಸ್ಟೆಮ್ ಸೆಲ್‌ನಿಂದ ಬೆಳೆಸಿದ ಭ್ರೂಣದಂಥ ಉಂಡೆಗಳಲ್ಲಿ ನೋಡಿದ್ರು. ಮೊದ್ಲು 1ನೇ ಕಡೆಗೆ ಕೊಹೆಸಿನ್ ಸೇರ್ತದೆ, ಅಲ್ಲಿಂದ ಎಳೆಯೋಕೆ ಶುರು ಮಾಡಿ ಒಂದೊಂದೇ ತಡೆ ದಾಟ್ತಾ ಮುಂದಿನ ಜೀನ್‌ಗಳು ತಡವಾಗಿ ಆನ್ ಆಗ್ತವೆ. ಆ ತಡೆಯ ಜಾಗಗಳನ್ನ ಕತ್ತರಿಸಿ ತೆಗೆದ್ರೆ ಟೈಮಿಂಗ್ ಏರುಪೇರು. ಹಾಗಾಗಿ ಎಳೆತ ಇರೋದು ಹೌದು, ಎಳೆಯೋದು ಚಾರ್ಜ್‌ಗಿಂತ ಮೋಟಾರ್ ಅಂತ ಈಗಿನ ಸಾಕ್ಷಿ ಹೇಳ್ತದೆ.

ಕುಮಟಾ_ಅಕ್ಕೋರು

ತಂಗಿ, ಇದನ್ನೆಲ್ಲ ಒಂದೇ ಸ್ಲೈಡಿಗೆ ತುರುಕಬೇಡ. ನಾಲ್ಕು ರೆಕ್ಕೆಯ ನೊಣ, ಆಮೇಲೆ ಪಕ್ಕೆಲುಬಿನ ಇಲಿ, ಆಮೇಲೆ 2004ರ ಟೆರಿಟರಿ ಚಿತ್ರ, ಅಲ್ಲಿ ನಿಲ್ಲಿಸಿ "ಎಳೆಯೋದು ಯಾರು" ಅಂತ ಕೇಳಿ ಎರಡೂ ಮಾಡೆಲ್ ಇಡು. ಫಾರ್ಜ್ ಅವ್ರದ್ದನ್ನೂ ಬಸವನಹುಳದ್ದನ್ನೂ ಬೇರೆ ಭಾಗ ಮಾಡು, ಅದು ಸೆಲ್ ಮೇಲಿನ ಒತ್ತಡ, ಇದು ಡಿಎನ್ಎ ಮೇಲಿನ ಎಳೆತ, ಅಳತೆನೇ ಬೇರೆ.

ಯಾರಾದ್ರೂ ಒಬ್ರು ಖಂಡಿತ ಕೇಳೋ ಪ್ರಶ್ನೆ: ಹಣ್ಣಿನ ನೊಣದಲ್ಲಿ ಹಾಕ್ಸ್ ಗುಂಪು ಎರಡು ತುಂಡಾಗಿದೆ, ಆದ್ರೂ ದೇಹದ ಸಾಲು ಸರಿ ಇದೆಯಲ್ಲ, ಎಳೆತದ ಮಾತು ಎಲ್ಲಿ ನಿಲ್ತದೆ ಅಂತ.

ಶಿರಸಿ_ಮೊಳಕೆ

ಅಕ್ಕೋರೇ, ಒಳ್ಳೇದಾಯ್ತು ನೆನಪಿಸಿದ್ದು. ಇನ್ನೂ ಜೋರಾದ ಉದಾಹರಣೆ ಸಮುದ್ರದಲ್ಲೇ ಇದೆ, ಓಯಿಕೋಪ್ಲ್ಯೂರಾ. ನಮ್ಮ ದೂರದ ಸಂಬಂಧಿ, ಪ್ಲಾಂಕ್ಟನ್ ಜೊತೆ ತೇಲೋ ಸಣ್ಣ ಜೀವಿ. 2004ರಲ್ಲಿ ನೋಡಿದಾಗ ಅದರ ಹಾಕ್ಸ್ ಜೀನ್‌ಗಳು ಗುಂಪೇ ಇಲ್ಲದೆ ಜೀನೋಮ್ ತುಂಬಾ ಚೆದುರಿ ಹೋಗಿವೆ, ಹಾಗಿದ್ರೂ ದೇಹದಲ್ಲಿ ತಲೆಯಿಂದ ಬಾಲದ ಸಾಲು ಉಳ್ಕೊಂಡಿದೆ. ತಂಗಿ, ಇದಕ್ಕೆ ನೀನು ಕೊಡ್ಬೇಕಾದ ಉತ್ತರ ಹೀಗೆ: ಯಾವ ಜೀನ್ ಎಲ್ಲಿ ಕೆಲಸ ಮಾಡ್ಬೇಕು ಅನ್ನೋದನ್ನ ಪ್ರತಿ ಜೀನ್‌ನ ಪಕ್ಕದ ಕಂಟ್ರೋಲ್ ಭಾಗಗಳೇ ನೋಡ್ಕೊಳ್ಬಹುದು, ಅದಕ್ಕೆ ಒಟ್ಟಿಗೆ ಇರ್ಬೇಕಂತಿಲ್ಲ. ಒಟ್ಟಿಗೆ ಇರ್ಬೇಕಾಗೋದು ಟೈಮಿಗೆ. ಇಲಿ, ಕೋಳಿ, ನಾವು ತಲೆಯಿಂದ ಬಾಲದ ಕಡೆ ಸ್ವಲ್ಪ ಸ್ವಲ್ಪವೇ ಬೆಳೆಯೋ ಭ್ರೂಣಗಳು, ಕೋಳಿ ಮರಿಗೆ ಬೆನ್ನಿನ ಒಂದೊಂದು ಗಂಟು ಸುಮಾರು 90 ನಿಮಿಷಕ್ಕೆ ಒಂದರಂತೆ ಆಗ್ತದೆ, ಅಲ್ಲಿ ಜೀನ್ ಟೈಮಿಗೆ ಸರಿಯಾಗಿ ಆನ್ ಆಗ್ಲೇಬೇಕು. ಹಣ್ಣಿನ ನೊಣದ ಭ್ರೂಣ ಅಷ್ಟೂ ಭಾಗ ಹೆಚ್ಚು ಕಮ್ಮಿ ಒಂದೇ ಸಲ ಗುರುತು ಮಾಡ್ಕೊಳ್ತದೆ, ಅದಕ್ಕೆ ಗುಂಪು ತುಂಡಾದ್ರೂ ತಡ್ಕೊಳ್ತದೆ. ಎಳೆತದ ಮಾಡೆಲ್, ಕೊಹೆಸಿನ್ ಇರ್ಲಿ ಚಾರ್ಜ್ ಇರ್ಲಿ, ವಿವರಿಸೋದು ಈ ಟೈಮಿನ ಸಾಲನ್ನ. ಜಾಗದ ಸಾಲನ್ನೂ ಅದೇ ಮಾಡ್ತದೆ ಅಂತ ಮಾತ್ರ ಹೇಳೋಕೆ ಹೋಗ್ಬೇಡ, ಹೇಳಿದ್ರೆ ಓಯಿಕೋಪ್ಲ್ಯೂರಾ ಗೊತ್ತಿದ್ದವ್ರು ಅಲ್ಲೇ ಹಿಡೀತಾರೆ.